ರಾವಣ: ಪಂಪ ರಾಮಾಯಣದ ದುರಂತ ನಾಯಕ

ನಾಗಚಂದ್ರ ಕವಿ ಸುಮಾರು 1100ರಲ್ಲಿ ರಚಿಸಿದ ‘ರಾಮಚಂದ್ರಚರಿತ ಪುರಾಣ’ವೆಂಬ ಚಂಪೂಕಾವ್ಯದ ಪ್ರತಿನಾಯಕ ರಾವಣ. ಪಂಪ ರಾಮಾಯಣವೆಂದೇ ಹೆಸರಾದ ಈ ಕೃತಿ ವಿಮಲಸೂರಿ, ರವಿಷೇಣರ ಜೈನ ರಾಮಕಥಾ ಪರಂಪರೆಗೆ ಸೇರಿದ್ದು. ಇಲ್ಲಿನ ರಾವಣ ವಿದ್ಯಾಧರ ದೊರೆ, ಜಿನಭಕ್ತ, ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ನಳಕೂಬರನ ಹೆಂಡತಿ ತಾನಾಗಿ ಒಲಿದು ಬಂದಾಗಲೂ ಅವಳನ್ನು ಒಪ್ಪಿಕೊಳ್ಳದೆ ಗಂಡನೊಡನೆ ಬಾಳಲು ಹೇಳಿದವನು. ಇಂಥವನು ಸೀತೆಯನ್ನು ಕಂಡು ಮನಸೋತು, ಸಿಂಹನಾದದ ಮೋಸದಿಂದ ರಾಮನನ್ನು ದೂರ ಸರಿಸಿ ಆಕೆಯನ್ನು ಕದ್ದೊಯ್ದ. ಕಾಮವೇ ಅವನನ್ನು ಕೆಡಿಸಿತೆಂಬುದು ರೂಢಿಯ ಮಾತು. ಕಾವ್ಯವನ್ನು ಕೊನೆತನಕ ಓದಿದವರಿಗೆ ಅಷ್ಟು ಸಾಲದು. ಕಾಮ ಅವನನ್ನು ಜಾರಿಸಿತು, ಕೊಂದದ್ದು ಅಭಿಮಾನ.

ಇದಕ್ಕೆ ಆಧಾರ ಯುದ್ಧದ ನಡುವೆ ಬರುವ ಒಂದು ಸನ್ನಿವೇಶ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಸೀತೆಯ ಬಳಿಗೆ ಬಂದು, ಇನ್ನು ರಾಮನಿಗೆ ಉಳಿವಿಲ್ಲವೆಂದು ಹೆದರಿಸುತ್ತಾನೆ. ರಾಮನ ಪ್ರಾಣಕ್ಕಾಗಿ ಬೇಡುತ್ತ ಆಕೆ ಮೂರ್ಛೆ ಹೋಗುತ್ತಾಳೆ. ಆ ಕ್ಷಣಕ್ಕೆ ಅವನ ಮೋಹ ಕಳಚಿಬೀಳುತ್ತದೆ. ಅನ್ಯೋನ್ಯವಾಗಿದ್ದ ದಂಪತಿಗಳನ್ನು ಅಗಲಿಸಿದೆ, ವಿಭೀಷಣನ ಹಿತವಚನಕ್ಕೆ ಕಿವಿಗೊಡಲಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಕನ್ನಡ ಕಾವ್ಯದಲ್ಲಿ ಪಶ್ಚಾತ್ತಾಪದ ಇಷ್ಟು ನಿಜವಾದ ಚಿತ್ರಗಳು ವಿರಳ. ಆದರೆ ಒಡನೆಯೇ ಇನ್ನೊಂದು ಯೋಚನೆ ತಲೆಯೆತ್ತುತ್ತದೆ: ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಗುವುದು, ಮೊದಲು ರಾಮಲಕ್ಷ್ಮಣರನ್ನು ರಣದಲ್ಲಿ ಸೆರೆಹಿಡಿದು, ಆಮೇಲೆ ಸೀತೆಯನ್ನು ಕೊಡುವೆ. ಮಾಡಬೇಕಾದ್ದು ಏನೆಂಬುದು ಅವನಿಗೆ ಸ್ಪಷ್ಟವಾಗಿದೆ, ಮಾಡುವ ಮನಸ್ಸೂ ಇದೆ. ಸೋತವನಂತೆ ಕಾಣುವುದೊಂದನ್ನು ಮಾತ್ರ ಅವನು ತಾಳಲಾರ. ಬಯಕೆಯೇ ಮೂಲಕಾರಣವಾಗಿದ್ದರೆ ಅದು ಅಳಿದ ದಿನವೇ ಯುದ್ಧ ನಿಲ್ಲಬೇಕಿತ್ತು. ಅವನ ಕೊನೆಯ ಕಾಳಗ ನಡೆದದ್ದು ಬಯಕೆ ಸತ್ತ ಮೇಲೆ.

ಜೈನ ಪುರಾಣದ ಚೌಕಟ್ಟಿನಲ್ಲಿ ಪ್ರತಿವಾಸುದೇವನಾದ ರಾವಣ ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ ಸಾಯಲೇಬೇಕು. ಕವಿಯೂ ರಾವಣನ ಚಿತ್ತ ಕದಡಿದ್ದಕ್ಕೆ ಕಾಲವಶವನ್ನೇ ಕಾರಣವಾಗಿ ಹೇಳುತ್ತಾನೆ. ಹೀಗಿರುವಾಗ ಸ್ವಭಾವದೋಷದ ಮಾತೇಕೆ ಎಂಬ ಆಕ್ಷೇಪವಿದೆ. ಆಕ್ಷೇಪ ಹಗುರವಾದುದಲ್ಲ. ಆದರೆ ಪರಂಪರೆ ಗೊತ್ತುಮಾಡಿದ್ದು ಸಾವನ್ನು. ಆ ಸಾವಿಗೆ ಅವನು ನಡೆದುಹೋಗುವ ದಾರಿ ಅವನ ಗುಣದಿಂದಲೇ ಹುಟ್ಟಿದ್ದು. ವಿಧಿಯೊಂದೇ ಸಾಕಿದ್ದರೆ ಹಿಂದಿರುಗುವ ಬಾಗಿಲನ್ನು ಅವನೆದುರು ಇಷ್ಟು ಅಗಲವಾಗಿ ತೆರೆದಿಡುವ ಅಗತ್ಯ ಕವಿಗೆ ಇರಲಿಲ್ಲ. ಕಾಲವಶದ ಮಾತು ಸೀತೆಗೆ ಮನಸೋತದ್ದನ್ನು ವಿವರಿಸಬಲ್ಲುದು, ಮನಸ್ಸು ತಿಳಿಯಾದ ಮೇಲಿನ ಹಟವನ್ನು ವಿವರಿಸದು.

ಕ್ಷತ್ರಿಯನಿಗೆ ಮಾನವೇ ಪ್ರಾಣ, ಅದನ್ನು ದೋಷವೆನ್ನುವುದು ಸಲ್ಲದು ಎಂದೂ ವಾದಿಸಬಹುದು. ನಿಜ, ಇದೇ ಮಾನ ಅವನಿಂದ ವ್ರತವನ್ನೂ ಕಾಯಿಸಿತು: ಸೆರೆಯಲ್ಲಿದ್ದ ಸೀತೆಯ ಮೇಲೆ ಅವನು ಬಲಾತ್ಕಾರ ಮಾಡಲಿಲ್ಲ. ಗುಣ ಮತ್ತು ದೋಷ ಒಂದೇ ಬೇರಿನವಾದ್ದರಿಂದಲೇ ಅವನ ಪತನ ನೋಯಿಸುತ್ತದೆ. ಕೇವಲ ದುಷ್ಟನ ನಾಶ ಕರುಣೆ ಹುಟ್ಟಿಸದೆಂದು ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ವಾದಿಸಿದ್ದಾನೆ. ಗ್ರೀಕ್ ರುದ್ರನಾಟಕಗಳನ್ನು ಬಲ್ಲ ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನನ್ನು ದುರಂತ ನಾಯಕನೆಂದು ಗುರುತಿಸಿದ್ದು ಸಹಜವೇ. ಕೊನೆಗೆ ರಣದಲ್ಲಿ ರಾವಣ ಎಸೆದ ಚಕ್ರರತ್ನ ಲಕ್ಷ್ಮಣನಿಗೆ ಬಲಬಂದು ಅವನ ಕೈಸೇರುತ್ತದೆ. ಅದರಿಂದಲೇ ರಾವಣ ಹತನಾಗುತ್ತಾನೆ.