ನಗರ ಪ್ರಾಣಿ ಆಶ್ರಯ ಕೇಂದ್ರಗಳ ನಿರ್ವಹಣೆ ಮತ್ತು ಸುಧಾರಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೀದಿನಾಯಿಗಳ ಸಂತಾನ ನಿಯಂತ್ರಣ, ರೇಬಿಸ್ ನಿರೋಧಕ ಲಸಿಕೆ ನೀಡಿಕೆ ಹಾಗೂ ಗಾಯಗೊಂಡ, ರೋಗಪೀಡಿತ ಪ್ರಾಣಿಗಳ ಆರೈಕೆಗಾಗಿ ನಗರ ಸ್ಥಳೀಯ ಸಂಸ್ಥೆಗಳು ಸ್ವತಃ ಇಲ್ಲವೇ ಪ್ರಾಣಿ ಕಲ್ಯಾಣ ಸಂಸ್ಥೆಗಳ ಮೂಲಕ ನಡೆಸುವ ಕೇಂದ್ರಗಳನ್ನು ರೂಢಿಯಲ್ಲಿ ಪ್ರಾಣಿ ಆಶ್ರಯ ಕೇಂದ್ರಗಳೆಂದು ಕರೆಯಲಾಗುತ್ತದೆ. ಸದರಿ ಕೇಂದ್ರಗಳ ಕಾರ್ಯವಿಧಾನವೇನು, ಅವು ಎಲ್ಲಿ ಹಿಂದೆ ಬೀಳುತ್ತವೆ, ಸುಧಾರಣೆ ಯಾವ ಹಂತದಲ್ಲಿ ಆಗಬೇಕು ಮತ್ತು ಸೇವೆ ಕೋರುವ ನಾಗರಿಕರು ಯಾವ ವಿವರಗಳನ್ನು ಒದಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅಡಿಯಲ್ಲಿ ಕೇಂದ್ರ ಸರ್ಕಾರವು 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ಅವುಗಳ ಸ್ಥಾನದಲ್ಲಿ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023 ಜಾರಿಗೆ ಬಂದವು. ಇವುಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ನೀಡಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಕಾರ್ಯಕ್ರಮವನ್ನು ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಅವಶ್ಯ.

ಅದೇ ಸ್ಥಳದಲ್ಲಿ ಬಿಡುವುದೇಕೆಂದು ಸಾರ್ವಜನಿಕರು ಆಗಾಗ್ಗೆ ಪ್ರಶ್ನಿಸುವುದುಂಟು. ನಾಯಿಗಳು ತಮ್ಮ ಪ್ರದೇಶವನ್ನು ಕಾಯ್ದುಕೊಳ್ಳುತ್ತವೆ. ಒಂದು ಬೀದಿಯಿಂದ ನಾಯಿಗಳನ್ನು ತೆರವುಗೊಳಿಸಿದರೆ, ಅಲ್ಲಿ ಆಹಾರ ಮತ್ತು ಕಸ ಉಳಿದಿರುವವರೆಗೆ, ಶಸ್ತ್ರಚಿಕಿತ್ಸೆಯಾಗಲೀ ಲಸಿಕೆಯಾಗಲೀ ಆಗದ ಬೇರೆ ನಾಯಿಗಳು ಬಂದು ಸೇರುತ್ತವೆ. ಬೆಂಗಳೂರಿನಲ್ಲಿ 2019ರ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ ಎಂದು ಅಂದಾಜಿಸಲಾಗಿದ್ದ ಬೀದಿನಾಯಿಗಳ ಸಂಖ್ಯೆಯು 2023ರ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಇಳಿಕೆ ನಿಧಾನವೆಂಬುದು ನಿಜ. ಆದರೆ ಅದು ಶಸ್ತ್ರಚಿಕಿತ್ಸೆಯ ಪ್ರಮಾಣ ಏರಿದ ಅವಧಿಯಲ್ಲಿಯೇ ಆದ ಇಳಿಕೆ.

ಸರ್ವೋಚ್ಚ ನ್ಯಾಯಾಲಯವು 22 ಆಗಸ್ಟ್ 2025ರ ಆದೇಶದಲ್ಲಿ, ರೇಬಿಸ್ ಪೀಡಿತ, ರೇಬಿಸ್ ಶಂಕಿತ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವುಗಳನ್ನು ಚಿಕಿತ್ಸೆಯ ನಂತರ ಅದೇ ಪ್ರದೇಶದಲ್ಲಿ ಬಿಡುವಂತೆಯೂ, ಪ್ರತಿ ವಾರ್ಡಿನಲ್ಲಿ ಆಹಾರ ನೀಡಲು ಪ್ರತ್ಯೇಕ ಸ್ಥಳ ಗುರುತಿಸುವಂತೆಯೂ ಸೂಚಿಸಿತು. 7 ನವೆಂಬರ್ 2025ರ ಆದೇಶದಲ್ಲಿ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡದೆ ನಿಗದಿತ ಆಶ್ರಯ ಕೇಂದ್ರಗಳಿಗೆ ಸೇರಿಸುವಂತೆ ನಿರ್ದೇಶಿಸಿತು. ಇಲ್ಲಿನ ವಿವರಗಳು ತರುವಾಯದ ನ್ಯಾಯಾಲಯ ಆದೇಶಗಳಿಗೆ ಒಳಪಟ್ಟಿರುತ್ತವೆ.

ತಂಗುವ ದಿನಗಳ ಲೆಕ್ಕ

ಆಶ್ರಯ ಕೇಂದ್ರದ ಬಗ್ಗೆ ಮಾತು ಬಂದಾಗಲೆಲ್ಲ ಕೆನಲ್‌ಗಳ ಸಂಖ್ಯೆ ಹೆಚ್ಚಿಸಬೇಕೆಂಬ ಬೇಡಿಕೆಯೇ ಮೊದಲು ಕೇಳಿಬರುತ್ತದೆ. ಆದರೆ ಕೇಂದ್ರವು ವರ್ಷಕ್ಕೆ ಎಷ್ಟು ನಾಯಿಗಳಿಗೆ ಸೇವೆ ಒದಗಿಸಬಲ್ಲದು ಎಂಬುದು ಪ್ರತಿ ನಾಯಿ ಅಲ್ಲಿ ಎಷ್ಟು ದಿನ ತಂಗುತ್ತದೆ ಎಂಬುದನ್ನೂ ಅಷ್ಟೇ ಅವಲಂಬಿಸಿದೆ. ಈ ಅಂಶವು ಯೋಜನಾ ವರದಿಗಳಲ್ಲಿ ಬಹುಮಟ್ಟಿಗೆ ಕಾಣಸಿಗುವುದಿಲ್ಲ.

ಉದಾಹರಣೆಗೆ, 48 ಕೆನಲ್‌ಗಳ ಕೇಂದ್ರವೊಂದನ್ನು ತೆಗೆದುಕೊಳ್ಳಬಹುದು. ತಂದ ದಿನ, ಶಸ್ತ್ರಚಿಕಿತ್ಸೆಯ ದಿನ ಮತ್ತು ಅನಂತರದ ಕನಿಷ್ಠ 4 ದಿನಗಳ ಆರೈಕೆ ಸೇರಿ ಒಂದು ನಾಯಿ 6 ದಿನ ಇರುತ್ತದೆ ಎಂದುಕೊಂಡರೆ ದಿನಕ್ಕೆ 8 ನಾಯಿಗಳನ್ನು ತರಲು ಸಾಧ್ಯ. ಹೊಲಿಗೆ ಕೀವುಗೂಡಿ ಸರಾಸರಿ ತಂಗುವಿಕೆ 8 ದಿನಕ್ಕೆ ಏರಿದರೆ ಅದೇ ಕಟ್ಟಡದಲ್ಲಿ ದಿನಕ್ಕೆ 6 ನಾಯಿಗಳಿಗೆ ಮಾತ್ರ ಸ್ಥಳಾವಕಾಶ. 300 ಕೆಲಸದ ದಿನಗಳಲ್ಲಿ ಈ ವ್ಯತ್ಯಾಸ 600 ಶಸ್ತ್ರಚಿಕಿತ್ಸೆಗಳಾಗುತ್ತದೆ. ಮರಳಿ ಬಿಡಲಾಗದ 12 ನಾಯಿಗಳನ್ನು ಇದೇ ಕೆನಲ್‌ಗಳಲ್ಲಿ ಕಾಯಂ ಆಗಿ ಇರಿಸಿದರೂ ಫಲಿತಾಂಶ ಅಷ್ಟೇ. ಆದುದರಿಂದ ದೀರ್ಘಕಾಲ ಉಳಿಯುವ ಪ್ರಾಣಿಗಳಿಗೆ ಶಸ್ತ್ರಚಿಕಿತ್ಸಾ ಘಟಕದಿಂದ ಬೇರೆಯಾದ ವಸತಿ, ಓಡಾಡಲು ಬಯಲು ಮತ್ತು ಪ್ರತ್ಯೇಕ ಆಯವ್ಯಯ ಇರತಕ್ಕದ್ದು. ಎರಡನ್ನೂ ಒಂದೇ ಸೂರಿನಡಿ ಒಂದೇ ಲೆಕ್ಕಶೀರ್ಷಿಕೆಯಲ್ಲಿ ನಡೆಸುವುದು ಸಂತಾನ ನಿಯಂತ್ರಣ ಕಾರ್ಯವನ್ನೇ ನಿಲ್ಲಿಸಿದಂತೆ.

ಹಾಗೆಂದು ಆರೈಕೆಯ ದಿನಗಳನ್ನು ಕಡಿತಗೊಳಿಸಿ ಸಂಖ್ಯೆ ಹೆಚ್ಚಿಸುವಂತಿಲ್ಲ. ಗಾಯ ಮಾಯುವ ಮುನ್ನ ಬಿಟ್ಟ ಹೆಣ್ಣುನಾಯಿ ಬೀದಿಯಲ್ಲಿ ಹೊಲಿಗೆ ಬಿಚ್ಚಿಕೊಂಡು ನರಳುತ್ತದೆ. ಅದನ್ನು ಕಂಡ ನಿವಾಸಿಗಳು ಮುಂದಿನ ಬಾರಿ ಹಿಡಿಯುವ ವಾಹನಕ್ಕೆ ಸಹಕರಿಸುವುದಿಲ್ಲ. ತಂಗುವ ಅವಧಿಯನ್ನು ನ್ಯಾಯವಾಗಿ ತಗ್ಗಿಸುವ ದಾರಿಗಳೆಂದರೆ ಶುದ್ಧ ಶಸ್ತ್ರಚಿಕಿತ್ಸಾ ಕೊಠಡಿ, ತರಬೇತಿ ಹೊಂದಿದ ಪಶುವೈದ್ಯರು, ಉತ್ತಮ ನೋವು ನಿವಾರಕಗಳು ಮತ್ತು ಕೆನಲ್‌ಗಳಲ್ಲಿನ ಸೋಂಕು ನಿಯಂತ್ರಣ.

ಸೋಂಕು ನಿಯಂತ್ರಣ

ಆಶ್ರಯ ಕೇಂದ್ರಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ರೋಗಗಳು ಪಾರ್ವೊ ಮತ್ತು ಡಿಸ್ಟೆಂಪರ್. ಪಾರ್ವೊ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲದು. ಸಾಮಾನ್ಯ ಫಿನಾಯಿಲ್‌ನಿಂದ ಅದು ನಾಶವಾಗುತ್ತದೆಂದು ನಂಬುವಂತಿಲ್ಲ. ಮಲ ಮತ್ತು ಕೊಳೆಯನ್ನು ಮೊದಲು ಸೋಪಿನ ನೀರಿನಿಂದ ಪೂರ್ಣವಾಗಿ ತೊಳೆದು, ಅನಂತರ ಬ್ಲೀಚಿಂಗ್ ದ್ರಾವಣವನ್ನು ಹಚ್ಚಿ ಕೆಲವು ನಿಮಿಷ ಬಿಡಬೇಕು. ಕೊಳೆಯ ಮೇಲೆಯೇ ಸುರಿದ ಬ್ಲೀಚಿಂಗ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸ್ವಚ್ಛತಾ ಸಿಬ್ಬಂದಿಯು ಮರಿಗಳ ಮತ್ತು ಆರೋಗ್ಯವಂತ ನಾಯಿಗಳ ವಿಭಾಗದಿಂದ ಕೆಲಸ ಆರಂಭಿಸಿ ರೋಗಿಗಳ ವಿಭಾಗದಲ್ಲಿ ಮುಗಿಸತಕ್ಕದ್ದು. ಇದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ; ಎರಡು ಜೊತೆ ಪೊರಕೆ, ಬಕೆಟ್ಟು, ಬೂಟುಗಳು ಮತ್ತು ಮೇಲ್ವಿಚಾರಣೆ ಸಾಕು. ಈ ಕೆಲಸ ಮಾಡುವ ಎಲ್ಲರಿಗೂ ಮುಂಚಿತವಾಗಿಯೇ ರೇಬಿಸ್ ಲಸಿಕೆ ಕೊಡಿಸುವುದು ಕೇಂದ್ರದ ಹೊಣೆ.

ವಹಿಗಳು ಮತ್ತು ಪಾರದರ್ಶಕತೆ

ಕೇಂದ್ರಕ್ಕೆ ಬಂದ ಪ್ರತಿ ನಾಯಿಗೂ ಸಂಖ್ಯೆಯುಳ್ಳ ಕೊರಳಪಟ್ಟಿ ಹಾಕಿ, ಹಿಡಿದ ಸ್ಥಳ, ದಿನಾಂಕ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ಲಸಿಕೆ ಮತ್ತು ಬಿಡುಗಡೆಯ ವಿವರಗಳನ್ನು ವಹಿಯಲ್ಲಿ ನಮೂದಿಸಬೇಕು. ಬಿಡುಗಡೆಯ ಅಂಕಣದಲ್ಲಿ ‘ಅದೇ ಪ್ರದೇಶ’ ಎಂದಷ್ಟೇ ಬರೆಯುವ ರೂಢಿಯನ್ನು ಕೈಬಿಡಬೇಕಾಗಿದೆ. ಅಡ್ಡರಸ್ತೆಯ ಹೆಸರು ಅಥವಾ ಸಮೀಪದ ಗುರುತಿಲ್ಲದ ನಮೂದನ್ನು ಯಾರೂ ಪರಿಶೀಲಿಸಲಾರರು. ಸತ್ತ ಪ್ರಾಣಿಗಳ ವಿವರಕ್ಕೆ ಪ್ರತ್ಯೇಕ ಅಂಕಣವಿದ್ದು, ಕಾರಣವನ್ನು ಬರೆಯತಕ್ಕದ್ದು. ಸಾವುಗಳನ್ನು ತೋರಿಸದ ವಹಿಯಿಂದ ಕೇಂದ್ರದ ದೋಷ ತಿದ್ದಿಕೊಳ್ಳಲು ಆಡಳಿತಕ್ಕೂ ದಾರಿಯಿರುವುದಿಲ್ಲ.

ಸ್ಥಳೀಯ ಉಸ್ತುವಾರಿ ಸಮಿತಿಯು ಈ ವಹಿಗಳನ್ನು ಪರಿಶೀಲಿಸುತ್ತದೆ. ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ₹10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪ್ರತಿಗಳನ್ನು ಕೋರಬಹುದು. ಉತ್ತರ ನೀಡಲು 30 ದಿನಗಳ ಕಾಲಮಿತಿ ಇದೆ.

ಸಾರ್ವಜನಿಕರು ಸೇವೆ ಪಡೆಯುವ ವಿಧಾನ

ಶಸ್ತ್ರಚಿಕಿತ್ಸೆಯಾಗದ ನಾಯಿಗಳ ಬಗ್ಗೆ ಮನವಿ ಸಲ್ಲಿಸುವವರು ವಾರ್ಡು, ರಸ್ತೆ, ನಾಯಿಗಳ ಅಂದಾಜು ಸಂಖ್ಯೆ ಮತ್ತು ಅವು ಸಾಮಾನ್ಯವಾಗಿ ಸೇರುವ ಸಮಯವನ್ನು ತಿಳಿಸಬೇಕು. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ಅದನ್ನು ಗಮನಿಸಿ ಬರೆದರೆ ವಾಹನ ವ್ಯರ್ಥವಾಗಿ ಬಂದು ಹೋಗುವುದು ತಪ್ಪುತ್ತದೆ. ಮೊಲೆಯುಣಿಸುವ ತಾಯಿನಾಯಿ ಇದ್ದಲ್ಲಿ ಅದನ್ನು ತಪ್ಪದೆ ತಿಳಿಸತಕ್ಕದ್ದು. ತಾಯಿಯನ್ನು ಒಯ್ದರೆ ಮರಿಗಳು ಹಸಿವಿನಿಂದ ಸಾಯುತ್ತವೆ.

ನಾಯಿ ಕಚ್ಚಿದ ಸಂದರ್ಭದಲ್ಲಿ ದೂರಿಗಿಂತ ಮೊದಲು ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ರೇಬಿಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಕಚ್ಚಿದ ನಾಯಿಯನ್ನು ಹೊಡೆದು ಕೊಂದರೆ ಅದನ್ನು 10 ದಿನ ನಿಗಾದಲ್ಲಿಟ್ಟು ನೋಡುವ ಅವಕಾಶ ಕೇಂದ್ರಕ್ಕೆ ತಪ್ಪಿಹೋಗುತ್ತದೆ.

ಸಾಕುನಾಯಿ ಕಾಣೆಯಾದವರು ಅದರ ಛಾಯಾಚಿತ್ರ ಮತ್ತು ಲಸಿಕಾ ಪತ್ರದೊಂದಿಗೆ ಕೇಂದ್ರಕ್ಕೆ ಖುದ್ದಾಗಿ ಹೋಗುವುದು ಉತ್ತಮ. ದೂರವಾಣಿಯಲ್ಲಿ ‘ಕಂದು ಬಣ್ಣದ ನಾಯಿ’ ಎಂದರೆ ಸಿಬ್ಬಂದಿ ಗುರುತಿಸುವುದು ಕಷ್ಟ.

ಬೀದಿನಾಯಿಯನ್ನು ದತ್ತು ಪಡೆಯಲಿಚ್ಛಿಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ಮೇಲ್ಕಂಡ ಆಗಸ್ಟ್ 2025ರ ಆದೇಶದ ಪ್ರಕಾರ ದತ್ತು ನೀಡಿದ ನಾಯಿಗೆ ಗುರುತಿನ ಬಿಲ್ಲೆ ಹಾಕಬೇಕು. ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅರ್ಜಿದಾರರ ಜವಾಬ್ದಾರಿ. ಬಾಡಿಗೆ ಮನೆಯಲ್ಲಿರುವವರು ಮನೆಯ ಮಾಲೀಕರೊಡನೆ ಮೊದಲೇ ಮಾತನಾಡಿಕೊಂಡಿರುವುದು ಒಳ್ಳೆಯದು, ಏಕೆಂದರೆ ಮರಳಿ ಬರುವ ನಾಯಿ ಮತ್ತೊಂದು ಕೆನಲ್ ಅನ್ನು ಆಕ್ರಮಿಸುತ್ತದೆ.

ಕೇಂದ್ರಕ್ಕೆ ಭೇಟಿ ನೀಡುವವರು ಸ್ವಂತ ನಾಯಿಯನ್ನು ಜೊತೆಯಲ್ಲಿ ತರಬಾರದು. ಮನೆಗೆ ಮರಳಿದ ನಂತರ ಕೈಗಳನ್ನೂ ಪಾದರಕ್ಷೆಗಳನ್ನೂ ತೊಳೆದ ಬಳಿಕವೇ ಮನೆಯ ಮರಿಗಳನ್ನು ಮುಟ್ಟತಕ್ಕದ್ದು.