ಅಗ್ಗವೂ ಆಗಬೇಕು, ಗುಣವೂ ಆಗಬೇಕು: ಕ್ಷಯ ಚಿಕಿತ್ಸೆಯ ಲೆಕ್ಕಾಚಾರ

ನೊಣವಿನಕೆರೆಯಲ್ಲಿ ಕಾಯಿ ಸುಲಿಯುವ ಆಳು ತಿಪಟೂರಿನ ಆಸ್ಪತ್ರೆಗೆ ಹೋಗಿಬರಬೇಕಾದರೆ ಅವತ್ತಿನ ಕೂಲಿ ಹೋದ ಹಾಗೆಯೇ. ಚಿಕಿತ್ಸೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಶಾಸ್ತ್ರ ಶುರುವಾದಾಗ ಇಂಥ ಲೆಕ್ಕ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಕಾಣಿಸಿದ್ದರಲ್ಲಿ ನಮ್ಮ ತುಮಕೂರು ಜಿಲ್ಲೆಯ ಪಾಲೂ ಇದೆ. ಇಲ್ಲಿಯವರಿಗೇ ಅದು ಅಷ್ಟಾಗಿ ಗೊತ್ತಿಲ್ಲ.

1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿತು. ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ಗೊತ್ತುಮಾಡಿದ್ದರು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4, ಪಡೆಯದ 52ರಲ್ಲಿ 14 ಜನ ತೀರಿಕೊಂಡರು. ಖರ್ಚಿನ ಮಾತು ಅಲ್ಲಿ ಬರಲಿಲ್ಲ.

ಅದು ಬಂದದ್ದು ಮದರಾಸಿನಲ್ಲಿ. ಕ್ಷಯಕ್ಕೆ ಒಳ್ಳೆ ಗಾಳಿ, ಹಾಲು-ಮೊಟ್ಟೆ, ಸ್ಯಾನಟೋರಿಯಂ ವಾಸ ಬೇಕೇಬೇಕು ಎಂದು ನಂಬಿದ್ದ ಕಾಲ. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಎದ್ದದ್ದೂ ಅದೇ ನಂಬಿಕೆಯ ಮೇಲೆ. 1956ರಲ್ಲಿ ವಾಲೇಸ್ ಫಾಕ್ಸ್ ಮತ್ತು ಸಂಗಡಿಗರು ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಮದರಾಸಿನ ಸ್ಯಾನಟೋರಿಯಂಗೆ ಸೇರಿಸಿ, ಉಳಿದವರನ್ನು ಮನೆಯಲ್ಲೇ ಬಿಟ್ಟು, ಎಲ್ಲರಿಗೂ ಒಂದೇ ಔಷಧಿಯನ್ನು ಒಂದು ವರ್ಷ, ಅಂದರೆ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗುವಷ್ಟು ಕಾಲ, ಕೊಟ್ಟರು. ಮನೆಯಲ್ಲಿದ್ದವರ ಊಟ ಕಡಿಮೆ, ದುಡಿಮೆ ಹೆಚ್ಚು. ಆದರೂ ಅವರಲ್ಲಿ ಶೇ. 86, ಸ್ಯಾನಟೋರಿಯಂನವರಲ್ಲಿ ಶೇ. 92 ಮಂದಿಯ ರೋಗ ಹತೋಟಿಗೆ ಬಂದಿತ್ತು. ಮನೆಮಂದಿಗೂ ಸೋಂಕು ಹೆಚ್ಚಾಗಿ ತಗಲಲಿಲ್ಲ. ಆ ಆರರ ಅಂತರಕ್ಕಾಗಿ ಸಾವಿರಾರು ಹಾಸಿಗೆ ಕಟ್ಟಬೇಕೇ ಎಂಬ ಪ್ರಶ್ನೆಯನ್ನು 1959ರ ಆ ವರದಿ ಹೆಚ್ಚುಕಡಿಮೆ ಮುಗಿಸಿಬಿಟ್ಟಿತು.

ಆದರೆ ಮನೆಗೆ ಮಾತ್ರೆ ಕೊಡಲು ರೋಗಿ ಯಾರೆಂದು ಗೊತ್ತಾಗಬೇಕಲ್ಲ. 1959ರಲ್ಲೇ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ತೆಗೆದು, ಕಫ ನೋಡಿ ಸಮೀಕ್ಷೆ ಮಾಡಿದರು. ಹಾಗೆ ಪತ್ತೆಯಾದವರನ್ನು ಮಾತಾಡಿಸಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಬರೆದದ್ದು, ನನ್ನ ಮಟ್ಟಿಗೆ, ಈ ಇಡೀ ಚರಿತ್ರೆಯ ಮುಖ್ಯ ಪುಟ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಕರೆದರೂ ಬರುವುದಿಲ್ಲ ಎಂಬ ಪಟ್ಟಣದ ಮಾತು ಸುಳ್ಳಾಯಿತು. ಬಹುಪಾಲು ಮಂದಿಗೆ ತಮಗೇನೋ ಆಗಿದೆಯೆಂದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಎಷ್ಟೋ ಮಂದಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸ್ ಬಂದಿದ್ದರು. ಊರೂರಿಗೆ ಎಕ್ಸ್‌ರೇ ವ್ಯಾನ್ ಓಡಿಸುವುದಕ್ಕಿಂತ, ಕೆಮ್ಮುತ್ತ ತಾನಾಗಿ ಬಂದವನ ಕಫವನ್ನು ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಖರ್ಚೂ ಕಡಿಮೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಅಗ್ಗದ್ದು ಕೈಕೊಟ್ಟದ್ದೂ ಉಂಟು. ದುಬಾರಿ ಪಿಎಎಸ್ ಔಷಧಿಯ ಬದಲು ಬಂದ ಥಯಾಸೆಟಜೋನ್, ಎಚ್‌ಐವಿ ಇದ್ದವರಲ್ಲಿ ಚರ್ಮಕ್ಕೆ ಭಾರೀ ತೊಂದರೆ ತಂದು ಮೂಲೆ ಸೇರಿತು. ರಿಫಾಂಪಿಸಿನ್ ಮೊದಮೊದಲು ದುಬಾರಿಯಾಗಿದ್ದರೂ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿತು.

ಇಂಥ ಹೋಲಿಕೆಗೆಂದೇ ಬ್ರಿಟನ್ 1999ರಲ್ಲಿ ನೈಸ್ ಎಂಬ ಸಂಸ್ಥೆ ಕಟ್ಟಿ, ಆರೋಗ್ಯವಾಗಿ ಬದುಕುವ ಒಂದೊಂದು ವರ್ಷಕ್ಕೆ ಎಷ್ಟು ಖರ್ಚು ಎಂದು ಅಳೆಯತೊಡಗಿತು. ಭಾರತದಲ್ಲಿ ಅಂಥ ಏರ್ಪಾಡು ಆದದ್ದು 2017ರಲ್ಲಿ.

ಈಚಿನ ಹೋಲಿಕೆ ಊಟದ್ದು. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ಕ್ಷಯ ರೋಗಿಗಳ ಮನೆಮಂದಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟಿತು. ಕೊಡದ ಮನೆಗಳಿಗಿಂತ ಇವರಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇ. 39ರಷ್ಟು ಕಡಿಮೆ ಎಂದು 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿದ್ದ ಕೇಂದ್ರ ಸರ್ಕಾರ 2024ರಲ್ಲಿ ಅದನ್ನು 1,000ಕ್ಕೆ ಏರಿಸಿದೆ. ಹಣ ಬೇಡವೆನ್ನಲಾರೆ, ಆದರೆ ಆ ಪ್ರಯೋಗದಲ್ಲಿ ತೂಗಿ ಕೊಟ್ಟದ್ದು ಅಕ್ಕಿ-ಬೇಳೆ, ಅದೂ ರೋಗಿಯೊಬ್ಬನಿಗಲ್ಲ, ಮನೆಮಂದಿಗೆಲ್ಲ.