ಸ್ಥಳೀಯಾಡಳಿತ ಮತ್ತು ಉದ್ಯಮದ ಹೊಸತನ: ಉಡುಪಿ ಜಿಲ್ಲೆ

ನಗರಸಭೆ, ಪುರಸಭೆ, ಗ್ರಾಮ ಪಂಚಾಯತ್‌ಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದಕ್ಕೂ ಅವುಗಳ ವ್ಯಾಪ್ತಿಯ ಉದ್ಯಮಗಳು ಹೊಸ ಸರಕು, ಹೊಸ ಸೇವೆ ರೂಪಿಸುವುದಕ್ಕೂ ನಂಟಿದೆ ಎನ್ನುವುದು ಅರ್ಥಶಾಸ್ತ್ರಜ್ಞರ ವಾದ. ಆಂಡ್ರೆಸ್ ರೊಡ್ರಿಗಸ್-ಪೋಸ್ ಮತ್ತು ಮಾರ್ಕೊ ಡಿ ಕಟಾಲ್ಡೊ 2015ರಲ್ಲಿ ಯುರೋಪಿನ ಪ್ರದೇಶಗಳನ್ನು ಹೋಲಿಸಿ, ಲಂಚ ಮತ್ತು ಅದಕ್ಷ ಆಡಳಿತ ಹಿಂದುಳಿದ ಪ್ರದೇಶಗಳ ಹೊಸತನಕ್ಕೆ ಅಡ್ಡಿಯಾಗುತ್ತವೆ ಎಂದು ತೋರಿಸಿದರು. ಉಡುಪಿಯ ಚರಿತ್ರೆಗೆ ಈ ಸೂತ್ರ ಸಲೀಸಾಗಿ ಹೊಂದುವುದಿಲ್ಲ.

ಉಡುಪಿಗೆ ಪುರಸಭೆ (ಈಗಿನ ನಗರಸಭೆ) ಬಂದದ್ದು 1935ರಲ್ಲಿ. ಅಷ್ಟರಲ್ಲಾಗಲೇ ಊರಿನಲ್ಲಿ ಎರಡು ಬ್ಯಾಂಕುಗಳು ಹುಟ್ಟಿದ್ದವು. 1906ರಲ್ಲಿ ಹಾಜಿ ಅಬ್ದುಲ್ಲಾ ಮುಂದಾಳತ್ವದಲ್ಲಿ ಆರಂಭವಾದದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ 1925ರಲ್ಲಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಏಜೆಂಟರು 1928ರಿಂದ ಅಂಗಡಿ, ಮನೆಗಳ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಸಂಗ್ರಹಿಸುತ್ತಿದ್ದ ಪಿಗ್ಮಿ ಠೇವಣಿ, ಈ ಜಿಲ್ಲೆಯಿಂದ ದೇಶಕ್ಕೆ ಹೋದ ಬಹುದೊಡ್ಡ ವ್ಯವಹಾರ ಕಲ್ಪನೆ. ಇದರಲ್ಲಿ ಸ್ಥಳೀಯ ಸರಕಾರದ ಪಾಲು ಶೂನ್ಯ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದದ್ದೂ ಖಾಸಗಿ ಛಲದಿಂದಲೇ.

ಪುರಸಭೆ ಸ್ವತಃ ಮುಂದಡಿ ಇಟ್ಟ ಕಾಲವೂ ಇತ್ತು. 1968ರಲ್ಲಿ ಅಧ್ಯಕ್ಷರಾದ ವೈದ್ಯ ಡಾ. ವಿ.ಎಸ್. ಆಚಾರ್ಯರ ಅವಧಿಯಲ್ಲಿ ಉಡುಪಿಯಲ್ಲಿ ಮಲ ಹೊರುವ ಪದ್ಧತಿ ನಿಂತಿತು. ನೀರಿನ ಕತೆ ಬೇರೆ: ನಗರದ ನಳ್ಳಿಗಳಿಗೆ ಬಹುಕಾಲ ಮುಖ್ಯ ಆಧಾರವಾದದ್ದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟೆ. 2019ರ ಬೇಸಗೆಯಲ್ಲಿ ಅದರ ತಳ ಕಂಡಾಗ ನಗರ ಟ್ಯಾಂಕರುಗಳ ದಾರಿ ಕಾಯಿತು. ಇಂಥ ಕೊರತೆ ಎದುರಿಸಲು ದೊಡ್ಡ ಸಂಸ್ಥೆಗೆ ಸ್ವಂತ ಬಾವಿ, ಜನರೇಟರು, ಕಸದ ಗಾಡಿ ಇಟ್ಟುಕೊಳ್ಳುವ ಶಕ್ತಿಯಿದೆ. ಬಾಡಿಗೆ ಕೋಣೆಯಲ್ಲಿ ಹೊಸ ಪ್ರಯೋಗಕ್ಕೆ ಇಳಿದವರಿಗೆ ಅದಿಲ್ಲ. ಆದ್ದರಿಂದ ಆಡಳಿತದ ಗುಣಮಟ್ಟದ ಬಿಸಿ ತಟ್ಟುವುದು ಅವರಿಗೇ ಮೊದಲು. ಕಾಗದಪತ್ರದಲ್ಲೂ ಹಾಗೆಯೇ: ಕಟ್ಟಡದ ಖಾತೆ ಸರಿಯಿಲ್ಲದಿದ್ದರೆ ಉದ್ದಿಮೆ ಪರವಾನಿಗೆ ಸಿಗುವುದು ಕಷ್ಟ, ಅದಿಲ್ಲದೆ ಬ್ಯಾಂಕ್ ಸಾಲದ ಅರ್ಜಿ ಮುಂದೆ ಸಾಗದು. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಇದೆಯಾದರೂ, ಕೊನೆಗೆ ಕಡತ ಬಂದು ಕೂರುವುದು ಪಂಚಾಯತಿನ ಅಥವಾ ನಗರಸಭೆಯ ಮೇಜಿನ ಮೇಲೆಯೇ.

ಆ ಮೇಜಿನ ಹಿಂದೆ ಉತ್ತರದಾಯಿಗಳೇ ಇಲ್ಲದ ದಿನಗಳೂ ಬಂದಿವೆ. 2018ರಲ್ಲಿ ನಗರಸಭೆ ಚುನಾವಣೆ ನಡೆದ ಮೇಲೂ ಅಧ್ಯಕ್ಷರ ಮೀಸಲಾತಿ ವಿವಾದ ಕೋರ್ಟು ಹತ್ತಿದ್ದರಿಂದ, ರಾಜ್ಯದ ಇತರ ಅನೇಕ ಊರುಗಳಂತೆ ಉಡುಪಿಯಲ್ಲೂ 2020ರ ಕೊನೆಯ ತನಕ ಆಡಳಿತಾಧಿಕಾರಿಯದೇ ಕಾರುಬಾರು. ಗೆದ್ದ ಸದಸ್ಯರಿದ್ದರು, ಅಧಿಕಾರವಿರಲಿಲ್ಲ. ಕಾಪುವಿನದು ಬೇರೆ ಪಾಡು: ಕಾಪು, ಮಲ್ಲಾರು, ಉಳಿಯಾರಗೋಳಿ ಪಂಚಾಯತ್‌ಗಳನ್ನು ಕೂಡಿಸಿ ಮಾಡಿದ ಅಲ್ಲಿನ ಪುರಸಭೆ ಉಡುಪಿಯದಕ್ಕಿಂತ ಬಹಳ ಹೊಸದು. ಅದೇ ತಾಲೂಕಿನ ಎಲ್ಲೂರಿನಲ್ಲಿರುವ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ವಿಷಯದಲ್ಲಿ ತೀರ್ಮಾನ ಆದದ್ದು ದೆಹಲಿ, ಬೆಂಗಳೂರುಗಳಲ್ಲಿ. ಬೂದಿ ಮತ್ತು ಬೆಳೆನಷ್ಟದ ದೂರು ಮಾತ್ರ ಊರಿನದು.

ಸ್ಥಳೀಯ ಸರಕಾರ ಪರವಾನಿಗೆ ಕೊಡುವುದಷ್ಟೇ ಅಲ್ಲ, ಹೊಸ ಸೇವೆಯ ಮೊದಲ ಗಿರಾಕಿಯೂ ಆಗಬಲ್ಲುದು. ಇದಕ್ಕೆ ಜಿಲ್ಲೆಯಲ್ಲಿ ಸಿಗುವ ಗಟ್ಟಿ ಉದಾಹರಣೆ ಕಾರ್ಕಳ ತಾಲೂಕಿನ ನಿಟ್ಟೆ. 1986ರಿಂದ ಇಂಜಿನಿಯರಿಂಗ್ ಕಾಲೇಜು, ಈಗ ನೀತಿ ಆಯೋಗದ ನೆರವಿನ ಅಟಲ್ ಇನ್‌ಕ್ಯುಬೇಷನ್ ಕೇಂದ್ರ ಇರುವ ಊರು ಇದು. ಆದರೂ ಇಲ್ಲಿ ಗಮನಿಸಬೇಕಾದದ್ದು ಪಂಚಾಯತ್ ವ್ಯಾಪ್ತಿಯ ಒಣಕಸ ಘಟಕ. ಜನರ ಬಾಯಲ್ಲಿ ಎಂಆರ್‌ಎಫ್ (ಮೆಟೀರಿಯಲ್ ರಿಕವರಿ ಫೆಸಿಲಿಟಿ). ಸ್ವಚ್ಛ ಭಾರತ್ ಮಿಷನ್ ಅಡಿ ಕಟ್ಟಿದ ಇದರ ಸಾಮರ್ಥ್ಯ ದಿನಕ್ಕೆ 10 ಟನ್. ಒಂದು ಪಂಚಾಯತಿನ ಒಣಕಸ ಯಾವ ಕಂಪನಿಗೂ ಲೆಕ್ಕಕ್ಕಿಲ್ಲ: ಗುಜರಿಯವರು ಕಬ್ಬಿಣ, ಬಾಟಲಿ, ರಟ್ಟು ಒಯ್ದು ಚಿಪ್ಸ್ ಪ್ಯಾಕೆಟ್ಟು, ಪ್ಲಾಸ್ಟಿಕ್ ತೊಟ್ಟೆಗಳನ್ನು ಬಿಟ್ಟುಹೋಗುತ್ತಾರೆ. ಸುತ್ತಲಿನ ಹಲವು ಪಂಚಾಯತ್‌ಗಳು ಒಟ್ಟುಗೂಡಿ ಕಸ ಕಳಿಸಲು ಒಪ್ಪಿದಾಗ ಮಾತ್ರ ಕನ್ವೇಯರ್ ಬೆಲ್ಟ್ ಮೇಲೆ ಬಗೆಬಗೆಯಾಗಿ ಬೇರ್ಪಡಿಸಿ, ಯಂತ್ರದಲ್ಲಿ ಒತ್ತಿ ಬೇಲ್ ಕಟ್ಟುವ ಕೆಲಸ ಖಾಸಗಿ ನಿರ್ವಾಹಕರಿಗೆ ಲಾಭದ ಬಾಬ್ತು. ಮರುಬಳಕೆಗೆ ಬರುವ ಪ್ಲಾಸ್ಟಿಕ್ ಕಾರ್ಖಾನೆಗಳಿಗೆ ಹೋಗುತ್ತದೆ, ಬಾರದ ತೊಟ್ಟೆ ಸಿಮೆಂಟ್ ಕುಲುಮೆಗಳಲ್ಲಿ ಉರುವಲಾಗಬಹುದು.